ಏಳು ದಿನದ ಘಟ್ಟದ ತಿರುಗಾಟಕ್ಕೆ ಏಳು ವಾರದ ರಿಪೇರಿ

ಮೇ 1, ರಾತ್ರಿ 9 ಗಂಟೆ. ಗಾಡಿ ಅಂಗಳದಲ್ಲಿ ನಿಂತಿದೆ. ಚೀಲ ಕಟ್ಟಿ ಆಗಿದೆ. ನಾಳೆ ನಸುಕಿನ 4:30ಕ್ಕೆ ಬಾಗಲಕೋಟೆ ಬಿಡುತ್ತೇವೆ, ನಾನು ಮತ್ತು ನಮ್ಮಾಕಿ. ನಿದ್ದೆ ಹತ್ತುತ್ತಿಲ್ಲ. ಮಾರ್ಚ್‌ನಿಂದ ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದನ್ನೆಲ್ಲ ಕೂಡಿಸಿ ಬರೆಯುತ್ತಾ ಕೂತಿದ್ದೇನೆ. ನಿಮ್ಮಲ್ಲಿ ಯಾರಾದರೂ ಹಳೇ ಗಾಡಿ ತಗೊಂಡು ಘಟ್ಟಕ್ಕೆ ಹೊರಟಿದ್ದರೆ ನನ್ನ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ.

ಗಾಡಿ 2011ರ ಪಲ್ಸರ್ 150. ಓಡಿದ್ದು 71,400 ಕಿ.ಮೀ. ನಾನು ಹೈಸ್ಕೂಲ್ ಗಣಿತ ಮಾಸ್ತರ, ವಯಸ್ಸು 47. ಇಷ್ಟು ವರ್ಷದಲ್ಲಿ ಈ ಗಾಡಿ ಕಂಡ ದೊಡ್ಡ ಏರು ಅಂದರೆ ಬಾದಾಮಿ ಕಡೆಯ ಗುಡ್ಡದ ಹಾದಿ, ಅಷ್ಟೇ. ಉಳಿದಿದ್ದೆಲ್ಲ ನವನಗರದಿಂದ ಶಾಲೆ, ಶಾಲೆಯಿಂದ ಮಾರ್ಕೆಟ್.

ಬೇಸಿಗೆಯಲ್ಲಿ ಯಾಕೆ ಅಂತ ಎಲ್ಲರೂ ಕೇಳಿದರು. ಮಾಸ್ತರಿಗೆ ರಜೆ ಸಿಗುವುದು ಬೇಸಿಗೆಯಲ್ಲೇ. ಅಲ್ಲದೆ ಮಳೆಗಾಲದ ಘಟ್ಟದಲ್ಲಿ, ಜಾರುವ ರಸ್ತೆ ಮೇಲೆ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುವ ಧೈರ್ಯ ನನಗಿಲ್ಲ. ಬಾಗಲಕೋಟೆಯ 40 ಡಿಗ್ರಿ ಬಿಸಿಲಿನಿಂದ ಒಂದು ವಾರ ತಪ್ಪಿಸಿಕೊಂಡರೆ ಅದೇ ಲಾಭ.

ಖರ್ಚಿಗೆ ಅಂತ ತೆಗೆದಿಟ್ಟಿದ್ದು 8,000 ರೂ. ಆಗಿದ್ದು 14,650. ಪೆಟ್ರೋಲು, ಲಾಡ್ಜು ಇದರಲ್ಲಿ ಸೇರಿಲ್ಲ.

ಮಾರ್ಚ್ 9, ಭಾನುವಾರ. ಹಾಳೆ ಮೇಲಿನ ಪ್ರವಾಸ

ನಮ್ಮ ಜಿಲ್ಲೆಯ ಕೂಡಲಸಂಗಮದಲ್ಲಿ ಮಲಪ್ರಭಾ ಕೃಷ್ಣೆಯನ್ನು ಸೇರುತ್ತದೆ. ಅದು ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸುಮಾರು 790 ಮೀಟರ್ ಎತ್ತರದಲ್ಲಿ. ನಡುವೆ 300 ಕಿ.ಮೀಗಿಂತ ಜಾಸ್ತಿ ಹರಿಯುತ್ತದೆ. ಅದರ ಕೊನೆಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಮೊದಲನ್ನು ನೋಡಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಅಂತ ನಿರ್ಧಾರ. ಆಮೇಲೆ ದಾಂಡೇಲಿ, ಶಿರಸಿ, ಆಗುಂಬೆ, ಕುದುರೆಮುಖ, ಕೊನೆಗೆ ಮುಳ್ಳಯ್ಯನಗಿರಿ.

ಫೋನಿನ ಮ್ಯಾಪ್‌ನಲ್ಲಿ ಕೂಡಿಸಿ ನೋಡಿದರೆ ಸುಮಾರು 1,300 ಕಿ.ಮೀ. ನಾಲ್ಕರಿಂದ ಭಾಗಿಸಿದೆ. ದಿನಕ್ಕೆ 325. ಹುಬ್ಬಳ್ಳಿಗೆ ಹೋಗಿ ಬಂದು ಮತ್ತೊಮ್ಮೆ ಅರ್ಧ ದಾರಿ ಹೋದಂತೆ, ಅಷ್ಟೇ ತಾನೇ ಅಂದುಕೊಂಡೆ. ನಾಲ್ಕು ದಿನದ ಪ್ರವಾಸ ಅಂತ ಮನೆಯಲ್ಲಿ ಸಾರಿಬಿಟ್ಟೆ.

ಈ ಭಾಗಾಕಾರವೇ ಮೊದಲ ತಪ್ಪು. ಅದು ಗೊತ್ತಾಗಲು ಇನ್ನೂ ಒಂದು ತಿಂಗಳು ಹಿಡಿಯಿತು.

ಮಾರ್ಚ್ 15 ಮತ್ತು 16. ಗ್ಯಾರೇಜ್

ಗ್ಯಾರೇಜಿನ ಹುಡುಗ ನನ್ನ ಹಳೇ ವಿದ್ಯಾರ್ಥಿ. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಈಗ ಅವನು ಬಿಚ್ಚುತ್ತಾನೆ, ನಾನು ಪಾನಾ ಕೊಡುತ್ತೇನೆ.

ಹ್ಯಾಂಡಲ್ ಹಿಡಿದು ಮುಂದಿನ ಚಕ್ರ ಮೇಲೆತ್ತಿ ಎಡಕ್ಕೂ ಬಲಕ್ಕೂ ನಿಧಾನಕ್ಕೆ ತಿರುಗಿಸಿದ. ನಟ್ಟ ನಡುವೆ ಸಣ್ಣಗೆ ಟಕ್ ಅಂತ ಹಿಡಿದುಕೊಳ್ಳುತ್ತಿತ್ತು. "ಸರ, ಕೋನ್ ಸೆಟ್ ಹೋಗೈತ್ರಿ. ಊರಾಗ ಗೊತ್ತಾಗಂಗಿಲ್ಲ, ತಿರುವಿನ್ಯಾಗ ಗಾಡಿ ತಾನ ಎಳೀತೈತಿ" ಅಂದ. ಹ್ಯಾಂಡಲ್ ತಿರುಗುವ ಜಾಗದ ಗುಂಡು-ಬಟ್ಟಲಿನ ಬೇರಿಂಗಿಗೇ ಕೋನ್ ಸೆಟ್ ಅನ್ನುವುದು. ಬಿಚ್ಚಿದ ಮೇಲೆ ಬಟ್ಟಲನ್ನು ಬೆಳಕಿಗೆ ಹಿಡಿದು ತೋರಿಸಿದ. ಗುಂಡುಗಳು ಕೂತಲ್ಲೆಲ್ಲ ಅಕ್ಕಿಕಾಳಿನಷ್ಟು ಗುಳಿ. ನಾನು ಐದು ವರ್ಷದಿಂದ ಇದರ ಮೇಲೆ ಓಡಾಡುತ್ತಿದ್ದೆ.

ಹಾಕಿದ್ದು ಮತ್ತು ಕೊಟ್ಟಿದ್ದು: ಕೋನ್ ಸೆಟ್ 420, ಚೈನ್ ಸ್ಪ್ರಾಕೆಟ್ ಸೆಟ್ 1,480, ಹಿಂದಿನ ಟಯರ್ 100/90-17 ಕೂರಿಸುವ ಕೂಲಿ ಸೇರಿ 2,450, ಮುಂದಿನ ಡಿಸ್ಕ್ ಪ್ಯಾಡ್ 380, ಹಿಂದಿನ ಬ್ರೇಕ್ ಶೂ 290, ಬ್ರೇಕ್ ಆಯಿಲ್ 120, ಎಂಜಿನ್ ಆಯಿಲ್ 20ಡಬ್ಲ್ಯು50 430, ಏರ್ ಫಿಲ್ಟರ್ 220, ಪ್ಲಗ್ ಎರಡು 260. ಈ ಗಾಡಿಗೆ ಪ್ಲಗ್ ಎರಡು, ಒಂದನ್ನಷ್ಟೇ ಬದಲಿಸಿ ಇನ್ನೊಂದನ್ನು ಮರೆಯಬೇಡಿ. ಕ್ಲಚ್ ಮತ್ತು ಎಕ್ಸಲೇಟರ್ ಕೇಬಲ್ 310. ಹಳೆಯವು ಇನ್ನೂ ಗಟ್ಟಿ ಇದ್ದವು, ಅವನ್ನು ಸುತ್ತಿ ಟೂಲ್ ಚೀಲದಲ್ಲಿ ಇಟ್ಟೆ. ಕೂಲಿ 900. ಒಟ್ಟು 7,260. ಅಂದರೆ ಎರಡೇ ದಿನದಲ್ಲಿ ನನ್ನ ಬಜೆಟ್ ಹೆಚ್ಚೂಕಡಿಮೆ ಮುಗಿಯಿತು.

ಚೈನ್ ಸಡಿಲ ಮತ್ತು ಹಿಂದಿನ ಬ್ರೇಕ್ ಎರಡನ್ನೂ ಕೊನೆಗೆ ನಾನೇ ಹೊಂದಿಸಿದೆ. ಗಾಡಿ ಡಬಲ್ ಸ್ಟ್ಯಾಂಡ್ ಮೇಲಿತ್ತು. ಚೈನ್ ನಡುವೆ ಬೆರಳಿಟ್ಟು ಎತ್ತಿ 20 ಮಿ.ಮೀ. ಇಟ್ಟೆ. ಬ್ರೇಕ್ ಪೆಡಲ್‌ಗೆ ಆಟ, ಅಂದರೆ ಬ್ರೇಕ್ ಹಿಡಿಯುವ ಮೊದಲು ಪೆಡಲ್ ಖಾಲಿ ಇಳಿಯುವ ಅಂತರ, ಇರಬಾರದು ಅಂತ ನಟ್ ಚೆನ್ನಾಗಿ ಬಿಗಿದೆ. ಹುಡುಗ ನೋಡಿದ, ಏನೂ ಅನ್ನಲಿಲ್ಲ. ಮಾಸ್ತರಿಗೆ ಹೇಳುವುದು ಹೇಗೆ ಅಂತ ಇರಬೇಕು.

ಮಾರ್ಚ್ 22, ಶನಿವಾರ. ಕ್ಯಾರಿಯರ್, ಮೊದಲ ಸಲ

ಹಿಂದೆ ಒಂದು ಕ್ಯಾರಿಯರ್, ಎರಡೂ ಪಕ್ಕಕ್ಕೆ ಜೋಡಿ ಬ್ಯಾಗ್ ತೂಗಲು ಚೌಕಟ್ಟು. ಇಷ್ಟೇ ಬೇಕಾಗಿದ್ದದ್ದು. ವೆಲ್ಡಿಂಗ್ ಅಂಗಡಿಯ ಕಾಕಾನ ಹತ್ತಿರ ಹೋದೆ. ಕಿಟಕಿ, ಗೇಟ್, ಟ್ರಾಲಿ ಮಾಡುವವರು. ಗಟ್ಟಿ ಇರಲಿ ಅಂತ ನಾನೇ ಕಿಟಕಿಗೆ ಹಾಕುವ 12 ಮಿ.ಮೀ. ಸರಳು ಆರಿಸಿದೆ. ಆರೂವರೆ ಮೀಟರ್ ಹಿಡಿಯಿತು. ಆದ ಮೇಲೆ ತೂಗಿದರೆ 5.8 ಕಿಲೋ! ಚೀಲ ಇಡುವ ಮೊದಲೇ ಆರು ಕಿಲೋ ಹತ್ತಿರ ಭಾರ.

ಅದಕ್ಕಿಂತ ದೊಡ್ಡದು ಇನ್ನೊಂದು. ಒಂದು ಬ್ರಾಕೆಟ್ ಸರಿಯಾಗಿ ಕೂರಲಿಲ್ಲ. "ಬಿಚ್ಚೋದ್ಯಾಕ, ಗಾಡಿ ಮ್ಯಾಲ ಒಂದ್ ಟಾಕಿ ಹಾಕ್ತೀನಿ ತಡೀರಿ ಮಾಸ್ತರ" ಅಂದರು ಕಾಕಾ. ಟಾಕಿ ಅಂದರೆ ವೆಲ್ಡಿಂಗಿನ ಒಂದು ಚುಕ್ಕೆ. ಎರಡು ನಿಮಿಷದ ಕೆಲಸ, ನಾನೂ ಹೂಂ ಅಂದೆ. ಬ್ಯಾಟರಿ ವೈರ್ ಬಿಚ್ಚಬೇಕು ಅನ್ನುವುದು ಇಬ್ಬರಿಗೂ ನೆನಪಾಗಲಿಲ್ಲ. ಕಾಕಾ ಗೇಟ್ ಮಾಡುವವರು, ಗೇಟಿಗೆ ಬ್ಯಾಟರಿ ಇರುವುದಿಲ್ಲ. ನೆನಪಿಡಬೇಕಾದವನು ನಾನು.

ಹೇಗೋ ತಳ್ಳಿ ಸ್ಟಾರ್ಟ್ ಆಗಿ ಮನೆ ಮುಟ್ಟಿತು. ಸಾಮಾನು ಮತ್ತು ಕೂಲಿ 1,400 ರೂ.

ಸಂಜೆ ನಮ್ಮಾಕಿ ಹೊರಗೆ ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿದಳು. ಕ್ಯಾರಿಯರ್ ಸೀಟಿನ ಮೇಲೆ ಒಂದು ಗೇಣು ಮುಂದೆ ಬಂದಿತ್ತು. "ಚಲೋ ಆಗೇತ್ರಿ. ಚೀಲಾ ಕುಂದರ್ತಾವು. ನಾ ಎಲ್ಲಿ ಕುಂದರ್ಲಿ?" ಅಂದಳು.

ಮಾರ್ಚ್ 23ರಿಂದ 25. ಗಾಡಿ ಸ್ಟಾರ್ಟ್ ಆಗಲಿಲ್ಲ

ಬೆಳಗ್ಗೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುತ್ತಿಲ್ಲ. ಪ್ಲಗ್ ಬಿಚ್ಚಿ ಹೆಡ್‌ಗೆ ತಾಗಿಸಿ ನೋಡಿದೆ, ಕಿಡಿ ಇಲ್ಲ. ಹೊಸ ಪ್ಲಗ್ಗೇ ಕೆಟ್ಟಿದೆ ಅಂದುಕೊಂಡು ಹಳೆಯದನ್ನು ಹಾಕಿದೆ. ಅದಕ್ಕೂ ಇಲ್ಲ. ಫ್ಯೂಸ್ ಸರಿ ಇತ್ತು. ಅರ್ಧ ದಿನ ಹೀಗೇ ಹೋಯಿತು. ಹುಡುಗ ಬಂದು ಬೇರೆ ಗಾಡಿಯ ಸಿಡಿಐ (ಪ್ಲಗ್‌ಗೆ ಕಿಡಿ ಕೊಡಿಸುವ ಡಬ್ಬಿ) ತಂದು ಜೋಡಿಸಿದ, ಒಂದೇ ಒದೆತಕ್ಕೆ ಹಿಡಿಯಿತು. ಚಾರ್ಜಿಂಗ್ ನೋಡಿದರೆ ಬ್ಯಾಟರಿಗೆ ಹೋಗುವ ಕರೆಂಟು ಹದದಲ್ಲಿಡುವ ರೆಗ್ಯುಲೇಟರೂ ಹೋಗಿತ್ತು. ಬ್ಯಾಟರಿ ಬಿಚ್ಚದೆ ಮಾಡಿದ ವೆಲ್ಡಿಂಗಿನ ಕರೆಂಟು ಎರಡನ್ನೂ ಸುಟ್ಟಿತ್ತು. ಎರಡೂ ಸೇರಿ 1,850 ರೂ.

ಎರಡು ನಿಮಿಷದ ಟಾಕಿಗೆ 1,850. ಬ್ಯಾಟರಿಯ ಎರಡೂ ವೈರ್ ಬಿಚ್ಚಲು ಒಂದು 10ರ ಪಾನಾ, ಒಂದು ನಿಮಿಷ ಸಾಕಿತ್ತು. ಇನ್ನೂ ಒಳ್ಳೆಯದೆಂದರೆ ಗಾಡಿ ಮೇಲೆ ವೆಲ್ಡಿಂಗೇ ಬೇಡ. ಅಳತೆ ಹಾಕಿ, ಬಿಚ್ಚಿ, ಕೆಳಗೆ ಇಟ್ಟು ಟಾಕಿ ಹಾಕಿಸಿ.

ಏಪ್ರಿಲ್ 6, ಭಾನುವಾರ. ಬಾದಾಮಿಗೆ ಟ್ರಯಲ್, ಬ್ಯಾಗ್ ಸುಟ್ಟಿತು

ನಡುವೆ ಯುಗಾದಿ, ಪರೀಕ್ಷೆ, ಪೇಪರ್ ತಿದ್ದುವುದು. ಎರಡು ವಾರ ಗಾಡಿ ಮುಟ್ಟಲಿಲ್ಲ. ಕ್ಯಾರಿಯರಿನ ಮುಂದಿನ ತುಂಡನ್ನು ಮಾತ್ರ ಕತ್ತರಿಸಿ ನಮ್ಮಾಕಿಗೆ ಜಾಗ ಮಾಡಿದ್ದೆ. ಜೋಡಿ ಬ್ಯಾಗ್ ತರಿಸಿದ್ದೆ, 2,600 ರೂ.

ಮನೆಯಲ್ಲಿ ಬ್ಯಾಗ್ ತೂಗಿ ಸೈಲೆನ್ಸರ್‌ಗೆ ಎಷ್ಟು ಅಂತರ ಇದೆ ಅಂತ ಸ್ಕೇಲಿನಿಂದಲೇ ಅಳೆದೆ. 60 ಮಿ.ಮೀ. ಧಾರಾಳ. ಆದರೆ ಅಳೆದದ್ದು ಖಾಲಿ ಬ್ಯಾಗನ್ನು. ಒಳಗೆ ಏಳು ಕಿಲೋ ಬಿದ್ದ ಮೇಲೆ ಬಟ್ಟೆಯ ಬ್ಯಾಗ್ ಜೋಳಿಗೆ ಹಾಗೆ ಕೆಳಗೆ ಇಳಿಯುತ್ತದೆ. ಗುಳೇದಗುಡ್ಡ ದಾಟಿ ಎರಡು ಹಂಪ್ ಹಾರಿದ ಮೇಲೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಹೊಲದಲ್ಲಿ ಯಾರೋ ಏನೋ ಸುಡುತ್ತಿದ್ದಾರೆ ಅಂದುಕೊಂಡು ಇನ್ನೂ ಮೂರು ಕಿ.ಮೀ ಹೋದೆ. ನಿಲ್ಲಿಸಿ ನೋಡಿದರೆ ಬಲಗಡೆ ಬ್ಯಾಗಿನ ತಳದಲ್ಲಿ ಅಂಗೈಯಷ್ಟು ತೂತು. ನನ್ನ ಹೊಸ ಬನಿಯನ್ ಸೈಲೆನ್ಸರ್‌ಗೆ ಅಂಟಿಕೊಂಡಿತ್ತು.

ಬ್ಯಾಗ್ ಹೊಲಿಯುವವರ ಹತ್ತಿರ ಕ್ಯಾನ್ವಾಸ್ ತೇಪೆ ಹಾಕಿಸಿದೆ, 150 ರೂ. ಬನಿಯನ್ ಲೆಕ್ಕಕ್ಕೆ ಹಿಡಿದಿಲ್ಲ.

ಏಪ್ರಿಲ್ 8 ಮತ್ತು 9. ಕ್ಯಾರಿಯರ್, ಎರಡನೇ ಸಲ

ಹಳೇ ಕ್ಯಾರಿಯರನ್ನು ಕಾಕಾಗೇ ಕೊಟ್ಟೆ. ಈ ಸಲ 19 ಮಿ.ಮೀ. ದುಂಡನೆ ಪೈಪು, 16 ಗೇಜ್, ಐದು ಮೀಟರ್. ತೂಕ 3.4 ಕಿಲೋ. ಗ್ಯಾರೇಜ್ ಹುಡುಗನನ್ನೂ ಕರೆದುಕೊಂಡು ಹೋದೆ. ಅವನು ಮೊದಲು ಮಾಡಿದ್ದು ಏನು ಗೊತ್ತಾ? ನನ್ನನ್ನು ಸೀಟಿನ ಮೇಲೆ ಕೂರಿಸಿದ. ಹಿಂದೆ ಕಾಕಾನನ್ನು ಕೂರಿಸಿದ. ಬ್ಯಾಗಿನ ತುಂಬ ಅಂಗಡಿಯ ನಟ್ಟು ಬೋಲ್ಟು ತುಂಬಿದ. ಆಮೇಲೆ ಚಾಕ್‌ಪೀಸ್ ತೆಗೆದುಕೊಂಡು ಎಲ್ಲೆಲ್ಲಿ ಏನು ತಾಗುತ್ತದೆ ಅಂತ ಗುರುತು ಹಾಕಿದ.

"ಸರ, ಖಾಲಿ ಗಾಡಿ ಅಳದ್ರ ಖಾಲಿ ಉತ್ತರನ ಬರ್ತೈತ್ರಿ" ಅಂದ. ಎರಡು ಸಲ ಫೇಲ್ ಮಾಡಿದ್ದು ಇವನನ್ನೇ ನಾನು.

ಅವನು ತೋರಿಸಿದ್ದು ಬ್ಯಾಗ್ ಒಂದೇ ಅಲ್ಲ. ಇಬ್ಬರು ಕೂತಾಗ ಚೈನ್ ಮುಟ್ಟಿ ನೋಡಿ ಅಂದ. ವೀಣೆ ತಂತಿ ಹಾಗೆ ಬಿಗಿದಿತ್ತು. ಸ್ಟ್ಯಾಂಡ್ ಮೇಲೆ 20 ಮಿ.ಮೀ. ಇದ್ದದ್ದು ಭಾರ ಬಿದ್ದ ಮೇಲೆ ಹೆಚ್ಚೂಕಡಿಮೆ ಸೊನ್ನೆ. ಹಾಗೇ ಹೋಗಿದ್ದರೆ 1,480 ರೂಪಾಯಿಯ ಹೊಸ ಸೆಟ್ಟು ದಾರಿಯಲ್ಲೇ ಮುಗಿಯುತ್ತಿತ್ತು. ಸ್ಟ್ಯಾಂಡ್ ಮೇಲೆ 30ಕ್ಕೆ ಬಿಟ್ಟೆವು, ಕೂತಾಗ 15 ಉಳಿಯಿತು.

ಬ್ರೇಕ್ ರಾಡ್‌ನ ಆಟವನ್ನು ಆ ದಿನವೂ ನೋಡಲಿಲ್ಲ. ಮರೆತೆವು. ಅದರ ಫಲ ಮುಂದೆ ಬರುತ್ತದೆ.

ಬ್ಯಾಗಿನ ತಳಕ್ಕೆ ಸೈಲೆನ್ಸರ್ ಕಡೆ ಒಂದು ಅಡ್ಡ ಪೈಪು ಮತ್ತು ತಗಡಿನ ಪಟ್ಟಿ ಹಾಕಿಸಿದೆ. ಈಗ ಬ್ಯಾಗ್ ಎಷ್ಟು ಜೋತರೂ ಆ ಪೈಪಿನ ಮೇಲೆ ಕೂರುತ್ತದೆ. ಒಟ್ಟು 1,100. ಗಟ್ಟಿ ಬೋಲ್ಟ್, ಸ್ಪ್ರಿಂಗ್ ವಾಷರ್ 90.

ಏಪ್ರಿಲ್ 12 ಮತ್ತು 13. ಚೋರ್ಲಾ ಘಟ್ಟ, ನಿಜವಾದ ಪರೀಕ್ಷೆ

11ರಿಂದ ಶಾಲೆಗೆ ಬೇಸಿಗೆ ರಜೆ. ಮರುದಿನವೇ ಪೂರ್ತಿ ಸಾಮಾನು ಕಟ್ಟಿಕೊಂಡು ಬೆಳಗಾವಿಗೆ ಹೊರಟೆವು. ಲೋಕಾಪುರ, ಯರಗಟ್ಟಿ ಮೇಲೆ 140 ಕಿ.ಮೀ. ಬೆಳಗ್ಗೆ 5ಕ್ಕೆ ಬಿಟ್ಟು 8:30ಕ್ಕೆ ನಮ್ಮಾಕಿಯ ಅಕ್ಕನ ಮನೆ ಮುಟ್ಟಿದೆವು. ನೋಡು, ಗಂಟೆಗೆ 40 ಅಂತ ಹಿಗ್ಗಿದೆ.

ಮರುದಿನ 6:15ಕ್ಕೆ ಬೆಳಗಾವಿ ಬಿಟ್ಟೆವು. ಜಾಂಬೋಟಿಗೆ 6:55. ಅಲ್ಲಿಂದ ಕಾಡು ಶುರು. ರಸ್ತೆ ಕೆಲವು ಕಡೆ ಚೆಂದ, ಕೆಲವು ಕಡೆ ರಸ್ತೆಯೇ ಇಲ್ಲ. ಕಣಕುಂಬಿಯನ್ನು ಪ್ರವಾಸದ ದಿನಕ್ಕೇ ಅಂತ ಬಾಕಿ ಇಟ್ಟು ದಾಟಿ ಹೋದೆವು, 7:40. ಚೋರ್ಲಾ 8:10. ಅಲ್ಲಿಂದ ಗೋವಾ ಕಡೆಗೆ ಕಡಿದಾದ ಇಳಿಜಾರು. ಕೆಳಗೆ ಕೇರಿ ಅನ್ನುವ ಊರು, ಅಂಜುಣೆ ಡ್ಯಾಮಿನ ನೀರು ಕಾಣುತ್ತದೆ. ಕೇರಿ ಮುಟ್ಟಿದ್ದು 9:45ಕ್ಕೆ. 70 ಕಿ.ಮೀಗೆ ಮೂರೂವರೆ ಗಂಟೆ. ಗಂಟೆಗೆ 20.

ಆ ಮೂರೂವರೆಯಲ್ಲಿ 40 ನಿಮಿಷ ಇಳಿಜಾರಿನ ಬದಿಯಲ್ಲಿ ನಿಂತದ್ದೇ. ಹೇಗಂದರೆ, ನಾಲ್ಕನೇ ಗೇರಿನಲ್ಲಿ ಹಿಂದಿನ ಬ್ರೇಕ್ ಒತ್ತಿಕೊಂಡು ಇಳಿಯುತ್ತಿದ್ದೆ. ಊರಿನಲ್ಲಿ ಅದೇ ರೂಢಿ. ನಾಲ್ಕೈದು ತಿರುವು ಆದ ಮೇಲೆ ಪೆಡಲ್ ಮೆತ್ತಗಾಯಿತು. ಇನ್ನೊಂದು ತಿರುವಿಗೆ ಪೂರ್ತಿ ಕೆಳಗೆ ಹೋಯಿತು, ಗಾಡಿ ನಿಧಾನ ಆಗುತ್ತಿಲ್ಲ. ಮುಂದಿನ ಡಿಸ್ಕ್ ಇದ್ದದ್ದಕ್ಕೆ ನಿಂತಿತು. ಹಿಂದಿನ ಡ್ರಮ್ ಮೇಲೆ ನೀರು ಚಿಮುಕಿಸಿದರೆ ಕಾದ ಹಂಚಿನ ಮೇಲೆ ಹಾಕಿದಂತೆ ಚುರ್ ಅಂತು.

ಬೆಳಗಾವಿಯಿಂದ ಗೋವಾಕ್ಕೆ ಕಾಯಿಪಲ್ಯೆ ಒಯ್ಯುವ ಗಾಡಿಯೊಂದು ನಿಂತಿತು. ಡ್ರೈವರ್ ಇಳಿದು ಬಂದು ಡ್ರಮ್ ನೋಡಿ, ನನ್ನ ಮುಖ ನೋಡಿದ. "ಅಣ್ಣಾರ, ಬ್ರೇಕ್ ಮ್ಯಾಲ ಇಳಿಸಾಕತ್ತೀರೇನ್ರಿ? ಏರಾಕ ಯಾವ ಗೇರ ಹಾಕ್ತೀರಿ, ಇಳಿಯಾಕೂ ಅದ ಗೇರ ಹಾಕ್ರಿ." ಅಷ್ಟು ಹೇಳಿ ಹೋದ. ಡ್ರಮ್ ಆರಿದ ಮೇಲೆ ಎರಡನೇ ಗೇರಿನಲ್ಲಿ ಇಳಿದೆ. ಬ್ರೇಕ್ ಬೇಕೇ ಆಗಲಿಲ್ಲ ಅನ್ನಬಹುದು.

ಆದರೆ ತಪ್ಪು ಪೂರ್ತಿ ಗೇರಿನದಲ್ಲ. ಗಾಡಿ ತಳ್ಳಿ ನೋಡಿದೆ. ಇಬ್ಬರೂ ಇಳಿದಾಗ ಚಕ್ರ ಸಲೀಸಾಗಿ ತಿರುಗುತ್ತದೆ, ನಮ್ಮಾಕಿ ಕೂತರೆ ಹಿಡಿಯುತ್ತದೆ. ಮಾರ್ಚ್‌ನಲ್ಲಿ ಸ್ಟ್ಯಾಂಡ್ ಮೇಲೆ ಆಟವೇ ಇಲ್ಲದಂತೆ ಬಿಗಿದಿದ್ದೆನಲ್ಲ, ಭಾರ ಬಿದ್ದಾಗ ರಾಡ್ ಇನ್ನಷ್ಟು ಎಳೆದುಕೊಂಡು ಶೂ ಸದಾ ತಿಕ್ಕುತ್ತಿತ್ತು. ಬಾಗಲಕೋಟೆಯಿಂದ ಇಲ್ಲಿಯವರೆಗೂ ಬ್ರೇಕ್ ಹಿಡಿದೇ ಬಂದಿದ್ದೆ. ಕೈಯಲ್ಲೇ ನಟ್ ಮೂರು ಸುತ್ತು ಸಡಿಲ ಮಾಡಿದೆ.

ಕೇರಿಯಲ್ಲಿ ಚಹಾ ಕುಡಿಯುವಾಗ ಇನ್ನೊಂದು ಕಂಡಿತು. ಕ್ಯಾರಿಯರಿನ ಎಡಗಡೆ ಬ್ರಾಕೆಟ್, ಟಾಕಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಉಗುರಿನಿಂದ ಕೆರೆದೆ, ಬಣ್ಣ ಅಲ್ಲ, ಬಿರುಕೇ. ಟೂಲ್ ಚೀಲದಲ್ಲಿದ್ದ ಹಳೇ ಟ್ಯೂಬಿನ ಪಟ್ಟಿ ಎಳೆದು ಎಳೆದು ಹತ್ತು ಸುತ್ತು ಸುತ್ತಿದೆ. ಅದೇ ಪಟ್ಟಿ ಬಾಗಲಕೋಟೆವರೆಗೂ ತಂದು ಮುಟ್ಟಿಸಿತು. ಈಗ ಹತ್ತು ಪಟ್ಟಿ ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಊಟಕ್ಕೆ ಅಂತ ನಮ್ಮಾಕಿ 20 ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಳು. ಬಟ್ಟೆಯಲ್ಲಿ ಸುತ್ತಿ ಎಡಗಡೆ ಬ್ಯಾಗಿಗೆ ಹಾಕಿದ್ದೆ. ಬಿಚ್ಚಿದರೆ ರೊಟ್ಟಿ ಎಲ್ಲಿ? ಹಿಟ್ಟು ಮತ್ತು ಚೂರು. ಮೊಸರು ತಂದು ಹಾಕಿ ಕಲಸಿ ಚಮಚೆಯಲ್ಲಿ ತಿಂದೆವು. ನಿಜ ಹೇಳಬೇಕೆಂದರೆ ರುಚಿಯಾಗಿತ್ತು. ಆಕೆ ಮಾತ್ರ ಸಂಜೆವರೆಗೆ ಮಾತಾಡಲಿಲ್ಲ.

ಏಪ್ರಿಲ್ 16. ಹಾಳೆ ಹರಿದು ಹೊಸದು

ಈ ಸಲ ಕಿಲೋಮೀಟರ್ ಬರೆಯಲಿಲ್ಲ, ಗಂಟೆ ಬರೆದೆ. ಬಯಲಲ್ಲಿ ಗಂಟೆಗೆ 40, ಘಟ್ಟದಲ್ಲಿ 25. ದಿನಕ್ಕೆ ಸೀಟಿನ ಮೇಲೆ ಆರೇ ಗಂಟೆ. ಮಧ್ಯಾಹ್ನ 3ರೊಳಗೆ ರೂಮು ಸೇರಬೇಕು, ಯಾಕೆಂದರೆ ಹೊರಡುವ ಹೊತ್ತಿಗೆ ಭರಣಿ ಮಳೆ ನಡೆದಿರುತ್ತದೆ. ಮಲೆನಾಡಿನಲ್ಲಿ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು. ನಾಲ್ಕು ದಿನ ಇದ್ದದ್ದು ಏಳಾಯಿತು.

ಮೊದಲ ದಿನ ಬೆಳಗಾವಿ, ಜಾಂಬೋಟಿ, ಕಣಕುಂಬಿ, ಹಿಂದೆ ಬಂದು ಖಾನಾಪುರ. 225 ಕಿ.ಮೀ. ಆದರೂ 140 ಬಯಲೇ. ಲೆಕ್ಕ ಹಾಕಿದರೆ ಏಳು ಗಂಟೆ ಬರುತ್ತದೆ, ಆರಂಭದ ಹುರುಪಿಗೆ ಒಂದು ಗಂಟೆ ಮಾಫಿ. ಎರಡನೇ ದಿನ ಲೋಂಡಾ, ರಾಮನಗರ, ಜೋಯಿಡಾ, ದಾಂಡೇಲಿ, ಯಲ್ಲಾಪುರ. ಈ ಕಾಡಿನಲ್ಲಿ ಫೋನ್ ಸಿಗ್ನಲ್ ನಂಬಿ ಕೂರುವಂತಿಲ್ಲ, ಊರಿನ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಟ್ಯಾಂಕ್ ಮೇಲೆ ಅಂಟಿಸುವುದು. ಮೂರನೇ ದಿನ ಶಿರಸಿ, ಸಿದ್ದಾಪುರ, ಜೋಗ, ಸಾಗರ. ಮೇ ತಿಂಗಳ ಜೋಗ ಅಂದರೆ 253 ಮೀಟರ್ ಬಂಡೆ, ನೀರು ಎಳೆಯಷ್ಟು. "ನೀರಿಲ್ದ ಜೋಗ ನೋಡಾಕ ಯಾಕ ಹೋಗೋದ್ರಿ" ಅಂದಳು ನಮ್ಮಾಕಿ. ದಾರಿಯಲ್ಲೇ ಇದೆ, ಇರಲಿ ಅಂದೆ. ನನಗೆ ಆ ಬರೀ ಬಂಡೆಯನ್ನೇ ನೋಡಬೇಕು ಅಂತ ಆಸೆ.

ನಾಲ್ಕನೇ ದಿನ ಹೊಸನಗರ, ತೀರ್ಥಹಳ್ಳಿ, ಆಗುಂಬೆ. 115 ಕಿ.ಮೀ ಅಷ್ಟೇ. ಬೇಗ ಮುಟ್ಟಿ, ಸಂಜೆ ಮೋಡ ಇಲ್ಲದಿದ್ದರೆ ಸೂರ್ಯಾಸ್ತ. ಐದನೇ ದಿನ ಆಗುಂಬೆಯ 14 ತಿರುವು ಇಳಿದು ಸೋಮೇಶ್ವರ, ಹೆಬ್ರಿ, ಕಾರ್ಕಳ, ಬಜಗೋಳಿ, ಮತ್ತೆ ಮಾಳ ಘಟ್ಟ ಏರಿ ಕುದುರೆಮುಖ, ಕಳಸ. ನನಗೆ ಎಲ್ಲಕ್ಕಿಂತ ಹೆಚ್ಚು ಆಸೆ ಇರುವುದೂ, ಹೆದರಿಕೆ ಇರುವುದೂ ಈ ದಿನದ ಮೇಲೆ. ಒಂದು ಘಟ್ಟ ಇಳಿ, ಕರಾವಳಿಯ ಸೆಕೆ ತಿನ್ನು, ಇನ್ನೊಂದು ಘಟ್ಟ ಏರು. ಕಾರ್ಕಳದಲ್ಲಿ ಟ್ಯಾಂಕ್ ತುಂಬಿಸಲೇಬೇಕು. ಕುದುರೆಮುಖ ಕಾಡಿನ ಚೆಕ್‌ಪೋಸ್ಟ್‌ನಲ್ಲಿ ಹೆಸರು ಬರೆಸಿ ಚೀಟಿ ತಗೊಂಡು ಹೋಗಬೇಕು, ಕಾಡಿನ ನಡುವೆ ಚಾಪೆ ಹಾಸಿ ರೊಟ್ಟಿ ತಿನ್ನುವಂತಿಲ್ಲ. 2005ರ ಕೊನೆಗೆ ಅದಿರು ಗಣಿ ನಿಂತ ಮೇಲೆ ಖಾಲಿಯಾದ ಆ ಊರನ್ನೂ ನೋಡಬೇಕು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದೂ ಆ ಸಾಲಿನಲ್ಲೇ.

ಆರನೇ ದಿನ ಕೊಟ್ಟಿಗೆಹಾರ, ಮೂಡಿಗೆರೆ, ಚಿಕ್ಕಮಗಳೂರು, ಮುಳ್ಳಯ್ಯನಗಿರಿ. ಏಳನೇ ದಿನ ಮನೆಗೆ. ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ, ಇಳಕಲ್, ಹುನಗುಂದ. 400ಕ್ಕೆ ಮೇಲೆ, ಎಲ್ಲ ಬಯಲು, ಎಲ್ಲ ಬಿಸಿಲು. ನನ್ನ ಆರು ಗಂಟೆಯ ನಿಯಮ ಇಲ್ಲಿ ಮುರಿಯುತ್ತದೆ. ನಸುಕಿನ 4ಕ್ಕೆ ಬಿಟ್ಟು ಮಧ್ಯಾಹ್ನದೊಳಗೆ ಹೊಸಪೇಟೆ, ನಾಲ್ಕೂವರೆವರೆಗೆ ಯಾವುದಾದರೂ ನೆರಳು, ಆಮೇಲೆ ಉಳಿದದ್ದು. ಅಲ್ಲೇ ಒಂದು ರಾತ್ರಿ ಉಳಿಯೋಣ ಅನ್ನುತ್ತಾಳೆ ಇವಳು. ಇನ್ನೂ ತೀರ್ಮಾನ ಆಗಿಲ್ಲ.

ಪೆಟ್ರೋಲ್: ಚೋರ್ಲಾ ಟ್ರಯಲ್‌ನಲ್ಲಿ ಲೀಟರಿಗೆ 42 ಬಂತು. ಊರಲ್ಲಿ 50 ಕೊಡುತ್ತಿದ್ದ ಗಾಡಿ. 1,300 ಕಿ.ಮೀಗೆ 31 ಲೀಟರ್, 103 ರೂಪಾಯಿಯಂತೆ ಸುಮಾರು 3,200.

ಏಪ್ರಿಲ್ 19 ಮತ್ತು 20. ಬಿರುಕು, ತೂಕ, ಲೈಟು

ಬ್ರಾಕೆಟ್ ಬಿಚ್ಚಿ ಒಯ್ದೆ. ಕಾಕಾ ನೋಡಿದವರೇ "ಮೊದ್ಲ ಬ್ಯಾಟರಿ ಬಿಚ್ಚೀರೇನ್ರಿ ಮಾಸ್ತರ?" ಅಂದರು. ಗಾಡಿ ಮನೆಯಲ್ಲೇ ಇದೆ ಅಂದೆ, ನಕ್ಕರು. ಬಿರುಕು ಉಜ್ಜಿ ಮತ್ತೆ ಟಾಕಿ ಹಾಕಿ, ಮೂಲೆಗೆ 4 ಮಿ.ಮೀ. ತಗಡಿನ ಮುಕ್ಕೋನದ ತುಂಡು ಕೂರಿಸಿದರು. ಬಲಗಡೆಗೂ ಹಾಗೇ. 200 ರೂ.

ಆಮೇಲೆ ಸ್ಪ್ರಿಂಗ್ ತಕ್ಕಡಿ ತಂದು ಒಂದೊಂದೇ ಚೀಲ ತೂಗಿದೆ. ಚೋರ್ಲಾಕ್ಕೆ ಒಯ್ದದ್ದು 31.5 ಕಿಲೋ. ಅದರಲ್ಲಿ ನನ್ನದು ಮೂರು ಪ್ಯಾಂಟು, ಒಂದು ಕಬ್ಬಿಣದ ಜಾಕ್, ಓದಲು ಎರಡು ದಪ್ಪ ಪುಸ್ತಕ. ಜಾಕ್ ಯಾಕೆ ಇಟ್ಟಿದ್ದೆ ಅಂತ ನನಗೇ ನೆನಪಿಲ್ಲ. ಈಗ 18.2 ಕಿಲೋ. ಟೂಲು, ಪಂಕ್ಚರ್ ಕಿಟ್, ಕೈಪಂಪು ಕೆಳಗೆ, ಆದಷ್ಟು ಮುಂದಕ್ಕೆ. ಹಗುರವಾದ ಬಟ್ಟೆ, ರೇನ್‌ಕೋಟ್ ಮೇಲೆ. ಕ್ಯಾರಿಯರ್ ಮೇಲೆ ರೊಟ್ಟಿಗೆ ಸ್ಟೀಲ್ ಡಬ್ಬಿ, ತಳಕ್ಕೆ ಟವೆಲ್ ಮಡಚಿ, ರೊಟ್ಟಿ ನಿಲ್ಲಿಸಿ ಜೋಡಿಸುವುದು. ಡಬ್ಬಿಗೆ ವಿನಾಯಿತಿ ಇದೆ, ಅದರ ಬಗ್ಗೆ ಚರ್ಚೆ ಇಲ್ಲ.

ಹಿಂದಿನ ಶಾಕ್ ಅಬ್ಸಾರ್ಬರ್ ಐದು ಮೆಟ್ಟಿಲಲ್ಲಿ ಎರಡನೆಯದರಲ್ಲಿತ್ತು, ನಾಲ್ಕಕ್ಕೆ ತಿರುಗಿಸಿದೆ. ಟಯರಿನ ಗಾಳಿ ಬೆಳಗಿನ ತಂಪಲ್ಲಿ ಮುಂದೆ 25, ಹಿಂದೆ 32 ಪಿಎಸ್‌ಐ.

ಲೈಟಿನ ವಿಷಯ ಯಾರೂ ಹೇಳಿರಲಿಲ್ಲ. ರಾತ್ರಿ ಇಬ್ಬರೂ ಕೂತು ಎದುರುಮನೆ ಗೋಡೆಗೆ ಲೈಟ್ ಹಾಕಿದರೆ ಬೆಳಕು ಅವರ ಮೊದಲ ಮಹಡಿಯ ಕಿಟಕಿಗೆ ಹೊಡೆಯುತ್ತಿತ್ತು. ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ. ಹೆಡ್‌ಲೈಟ್ ಕೆಳಗಿನ ಸ್ಕ್ರೂ ತಿರುಗಿಸಿ, ಐದು ಮೀಟರ್ ದೂರದ ಗೋಡೆ ಮೇಲೆ ಲೈಟಿನ ಎತ್ತರಕ್ಕಿಂತ ನಾಲ್ಕು ಬೆರಳು ಕೆಳಗೆ ತಂದೆ. ಎದುರುಮನೆಯವರು ಕಿಟಕಿ ತೆಗೆದು "ಏನ್ ನಡಸೀರಿ ಮಾಸ್ತರ" ಅಂತ ಕೇಳಿದರು.

ಏಪ್ರಿಲ್ 27ರಿಂದ 30. ಕಿರ್ ಕಿರ್

ಎಲ್ಲ ಮುಗಿಯಿತು ಅನ್ನುವಾಗ ಒಂದು ಸದ್ದು. ಭಾರ ಹಾಕಿದಾಗ ಮಾತ್ರ, 45 ದಾಟಿದರೆ ಹಿಂದಿನಿಂದ ಕಿರ್ ಕಿರ್. ಚೈನ್‌ಗೆ ಎಣ್ಣೆ ಹಾಕಿದೆ. ಶಾಕ್ ಅಬ್ಸಾರ್ಬರ್ ಬುಷ್ ನೋಡಿದೆ. ಹುಡುಗ ಸ್ವಿಂಗ್ ಆರ್ಮ್ ಬಿಚ್ಚಿ ಬುಷ್‌ಗೆ ಗ್ರೀಸ್ ತುಂಬಿದ, ದುಡ್ಡು ತಗೊಳ್ಳಲಿಲ್ಲ. ಸದ್ದು ಹಾಗೇ ಇತ್ತು. ಎರಡು ದಿನ ಇದರ ಹಿಂದೆ ಬಿದ್ದೆ.

30ಕ್ಕೆ ಬಸವ ಜಯಂತಿ. ಪೂರ್ತಿ ಸಾಮಾನು ಹಾಕಿಕೊಂಡು ಕೂಡಲಸಂಗಮಕ್ಕೆ ಹೋಗಿ ಬಂದೆವು, ಕೊನೆಯ ಟ್ರಯಲ್ ಅಂತ. ಜನವೋ ಜನ. ಬರುವಾಗ ಹಿಂದಿನಿಂದ ನಮ್ಮಾಕಿ ಭುಜ ತಟ್ಟಿದಳು. "ರೀ, ಈಗ ಕೇಳ್ರಿ." ಸದ್ದು ನಿಂತಿತ್ತು. "ಈಗ?" ಮತ್ತೆ ಕಿರ್ ಕಿರ್. ಕೈ ಹಿಂದೆ ಚಾಚಿ ರೊಟ್ಟಿ ಡಬ್ಬಿಯ ಮುಚ್ಚಳ ಒತ್ತಿ ಹಿಡಿದು ಬಿಡುತ್ತಿದ್ದಳು ಅಷ್ಟೇ. ಮುಚ್ಚಳದ ಸುತ್ತ ಟ್ಯೂಬ್ ಪಟ್ಟಿ ಹಾಕಿದೆ. ಹುಡುಗನಿಗೆ ಇನ್ನೂ ಹೇಳಿಲ್ಲ.

ಮೇ 1, ಸಂಜೆ

ಗಾಡಿ ಒರೆಸುವಾಗ ಮುಂದಿನ ಫೋರ್ಕಿನಲ್ಲಿ, ಡಿಸ್ಕ್ ಇಲ್ಲದ ಕಡೆ, ಎಣ್ಣೆಯ ಸಣ್ಣ ಉಂಗುರ ಕಂಡಿತು. ಆಯಿಲ್ ಸೀಲ್ ಸೋರುತ್ತಿರಬಹುದು. ಚೋರ್ಲಾದ ಗುಂಡಿಗಳ ಕೊಡುಗೆ ಇದ್ದರೂ ಇರಬಹುದು. ಇವತ್ತು ಕಾರ್ಮಿಕರ ದಿನ, ಗ್ಯಾರೇಜ್ ಬಂದ್. ಹುಡುಗನಿಗೆ ಫೋನ್ ಮಾಡಿದೆ, ಊರಲ್ಲಿಲ್ಲ. "ಒರಸಿ ನೋಡ್ರಿ ಸರ, ಮತ್ತ ಬಂದ್ರಷ್ಟ ಚಿಂತಿ" ಅಂದ.

ಪೂರ್ತಿ ಒರೆಸಿ, ಒಂದು ಬಿಳಿ ಬಟ್ಟೆಯ ಪಟ್ಟಿ ಸುತ್ತಿ ಕಟ್ಟಿದ್ದೇನೆ. ನಾಳೆ ಯರಗಟ್ಟಿಯಲ್ಲಿ ಚಹಾಕ್ಕೆ ನಿಂತಾಗ ಬಿಚ್ಚಿ ನೋಡುತ್ತೇನೆ. ಒದ್ದೆಯಾಗಿದ್ದರೆ ಬೆಳಗಾವಿಯಲ್ಲಿ ಗ್ಯಾರೇಜ್ ಹುಡುಕಬೇಕು, ಒಂದು ದಿನ ಅಕ್ಕನ ಮನೆಯಲ್ಲಿ. ಒಣಗಿದ್ದರೆ ಹತ್ತೂವರೆ ಹೊತ್ತಿಗೆ ಕಣಕುಂಬಿ.